ಎಮ್ಯುಲೇಟರ್‌ನಲ್ಲಿ ನ್ಯಾನ್ ಬೆಲೆಗಳನ್ನು ನಿಭಾಯಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎಮ್ಯುಲೇಟರ್ (ಒಂದು ಪ್ರೊಸೆಸರ್‌ನ ಪ್ರೋಗ್ರಾಂಗಳನ್ನು ಇನ್ನೊಂದರ ಮೇಲೆ ಓಡಿಸುವ ತಂತ್ರಾಂಶ) ಬರೆಯುವವರಲ್ಲಿ ಬಹಳಷ್ಟು ಮಂದಿ ಒಂದೇ ಕಡೆ ಎಡವುತ್ತಾರೆ. ಫ್ಲೋಟಿಂಗ್ ಪಾಯಿಂಟ್‌ನಲ್ಲಿ (ದಶಮಾಂಶ ಸಂಖ್ಯೆಗಳ ಲೆಕ್ಕದಲ್ಲಿ) ಕೂಡುವುದು, ಗುಣಿಸುವುದು, ಭಾಗಿಸುವುದು ಎಲ್ಲ ಸರಿಯಾಗಿ ಬರುತ್ತದೆ. ಟೆಸ್ಟ್‌ಗಳಲ್ಲಿ ಕೊನೆಗೆ ಉಳಿದುಕೊಳ್ಳುವ ಫೇಲ್‌ಗಳೆಲ್ಲ ನ್ಯಾನ್‌ಗೆ (ನಾಟ್ ಎ ನಂಬರ್: ಲೆಕ್ಕಕ್ಕೆ ಸಂಖ್ಯೆಯ ಉತ್ತರವೇ ಇಲ್ಲದಾಗ ಬರುವ ವಿಶೇಷ ಬೆಲೆ) ಸೇರಿದವು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ, ಏಕೆಂದರೆ ರಿಪೇರಿ ಶುರುವಾಗುವುದೇ ತಪ್ಪು ತುದಿಯಿಂದ. ಕೂಡುವ ಇನ್‌ಸ್ಟ್ರಕ್ಷನ್‌ಗೆ ಒಂದು ಇಫ್ ಸೇರಿಸಿ ನೋಡುತ್ತಾರೆ. ಆದರೆ ಆ ನ್ಯಾನ್‌ನ ಬಿಟ್‌ಗಳು ಅಲ್ಲಿಗೆ ಬರುವ ಮೊದಲೇ, ಮೆಮೊರಿಯಿಂದ ಓದುವಾಗಲೇ ಬದಲಾಗಿರುತ್ತವೆ.

ಹಾಗಾಗಿ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ 64 ಬಿಟ್ ರಿಸ್ಕ್-ಫೈವ್ ಗೆಸ್ಟ್ (32 ಮತ್ತು 64 ಬಿಟ್ ಫ್ಲೋಟಿಂಗ್ ಪಾಯಿಂಟ್‌ನ ಎಫ್ ಮತ್ತು ಡಿ ಎಕ್ಸ್‌ಟೆನ್ಶನ್ ಸಹಿತ), ಎಕ್ಸ್86-64 ಹೋಸ್ಟ್, ಸಿ ಭಾಷೆ ಎಂದು ಇಟ್ಟುಕೊಂಡಿದ್ದೇನೆ. ಗೆಸ್ಟ್ ಎಂದರೆ ನಾವು ಅನುಕರಿಸುವ ಪ್ರೊಸೆಸರ್, ಹೋಸ್ಟ್ ಎಂದರೆ ಎಮ್ಯುಲೇಟರ್ ನಿಜವಾಗಿ ಓಡುವ ಪ್ರೊಸೆಸರ್. ಆರ್ಮ್, ಪವರ್‌ಪಿಸಿ, ಮಿಪ್ಸ್ ಗೆಸ್ಟ್‌ಗಳಲ್ಲಿ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಒಂದೇ ಮಾತು ನೆನಪಿರಲಿ: ನ್ಯಾನ್‌ನ ಬಿಟ್‌ಗಳು ಏನಾಗಬೇಕೆಂಬ ತೀರ್ಮಾನ ಗೆಸ್ಟ್ ಪ್ರೊಸೆಸರ್‌ನದು. ಅದನ್ನು ಹೋಸ್ಟ್‌ಗೂ ಬಿಡಬೇಡಿ, ಕಂಪೈಲರ್‌ಗೂ ಬಿಡಬೇಡಿ.

## ಶುರುಮಾಡುವ ಮುನ್ನ ಕೈಯಲ್ಲಿರಬೇಕಾದವು

ಗೆಸ್ಟ್ ಪ್ರೊಸೆಸರ್‌ನ ಅಧಿಕೃತ ಮ್ಯಾನ್ಯುಯಲ್ ಬೇಕೇ ಬೇಕು. ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ಐಇಇಇ 754 ಮಾನದಂಡ ಓದಿದರೆ ಸಾಕು ಅಂದುಕೊಳ್ಳಬೇಡಿ. ಎರಡು ನ್ಯಾನ್‌ಗಳನ್ನು ಕೂಡಿದಾಗ ಯಾವುದು ಉಳಿಯಬೇಕು ಎಂಬಂಥ ಪ್ರಶ್ನೆಗಳನ್ನು ಆ ಮಾನದಂಡ ಪ್ರೊಸೆಸರ್ ತಯಾರಿಸುವವರಿಗೇ ಬಿಟ್ಟಿದೆ.

ಎರಡನೆಯದು ಬರ್ಕ್ಲಿ ಸಾಫ್ಟ್‌ಫ್ಲೋಟ್ ಲೈಬ್ರರಿ, ಅದರ ಜೊತೆಗೆ ಪರೀಕ್ಷೆಗೆ ಟೆಸ್ಟ್‌ಫ್ಲೋಟ್. ಜಾನ್ ಹೌಸರ್ ಬರೆದ ಈ ಲೈಬ್ರರಿ ಎಲ್ಲ ಲೆಕ್ಕವನ್ನೂ ಪೂರ್ಣಾಂಕಗಳಲ್ಲೇ ಮಾಡುವುದರಿಂದ ಹೋಸ್ಟ್‌ನ ನಡವಳಿಕೆ ಒಳಗೆ ನುಸುಳುವುದಿಲ್ಲ. ಮೂರನೆಯದು ಉತ್ತರ ತಾಳೆ ನೋಡಲು ಒಂದು ಆಧಾರ. ರಿಸ್ಕ್-ಫೈವ್‌ಗೆ ಸ್ಪೈಕ್ ಸಿಮ್ಯುಲೇಟರ್ ಇದೆ. ನಿಜವಾದ ಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

## 1. ರಿಜಿಸ್ಟರ್‌ಗಳನ್ನು ಪೂರ್ಣಾಂಕಗಳಾಗಿಯೇ ಇಡಿ

ಗೆಸ್ಟ್‌ನ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳನ್ನು ಫ್ಲೋಟ್ ಅಥವಾ ಡಬಲ್ ಅರೇ ಆಗಿ ಘೋಷಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. 64 ಬಿಟ್‌ನ ಸೈನ್ ಇಲ್ಲದ ಪೂರ್ಣಾಂಕಗಳ ಅರೇ ಮಾಡಿ. ಮೆಮೊರಿಯಿಂದ ಓದುವುದು, ಬರೆಯುವುದು, ರಿಜಿಸ್ಟರ್‌ನಿಂದ ರಿಜಿಸ್ಟರ್‌ಗೆ ನಕಲು ಮಾಡುವುದು ಎಲ್ಲವೂ ಪೂರ್ಣಾಂಕದ ಕೆಲಸವಾಗಿಯೇ ನಡೆಯಲಿ. ಲೆಕ್ಕ ಮಾಡುವ ಹೊತ್ತಿಗೆ ಮಾತ್ರ ಮೆಮ್‌ಕಾಪಿ ಮೂಲಕ ಫ್ಲೋಟ್‌ಗೆ ತನ್ನಿ, ಫಲಿತಾಂಶವನ್ನು ಹಾಗೆಯೇ ವಾಪಸ್ ಒಯ್ಯಿರಿ. ಆಪ್ಟಿಮೈಸೇಶನ್ ಆನ್ ಇದ್ದರೆ ಈ ಮೆಮ್‌ಕಾಪಿ ಒಂದೇ ಒಂದು ಮೂವ್ ಇನ್‌ಸ್ಟ್ರಕ್ಷನ್ ಆಗುತ್ತದೆ, ವೇಗ ಕಡಿಮೆಯಾಗುತ್ತದೆಂಬ ಭಯ ಬೇಡ.

ಇದು ಏಕೆ ಮುಖ್ಯ ಎಂಬುದಕ್ಕೆ ಪವರ್‌ಪಿಸಿಯ ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿನ ಎಲ್‌ಎಫ್‌ಎಸ್ ಇನ್‌ಸ್ಟ್ರಕ್ಷನ್ 32 ಬಿಟ್ ಬೆಲೆಯನ್ನು ಓದಿ 64 ಬಿಟ್ ರೂಪಕ್ಕೆ ಹಿಗ್ಗಿಸಿ ರಿಜಿಸ್ಟರ್‌ಗೆ ಹಾಕುತ್ತದೆ. ನ್ಯಾನ್‌ನಲ್ಲಿ ಎರಡು ಬಗೆ: ಲೆಕ್ಕಕ್ಕೆ ಬಳಸಿದೊಡನೆ ತಪ್ಪಿನ ಸೂಚನೆ ಕೊಡುವ ಸಿಗ್ನಲಿಂಗ್, ಸುಮ್ಮನೆ ಮುಂದೆ ಸಾಗುವ ಕ್ವಯಟ್. 7ಎಫ್800001 (ಇಂಥ ಬಿಟ್ ಬೆಲೆಗಳೆಲ್ಲ ಹೆಕ್ಸಾಡೆಸಿಮಲ್‌ನಲ್ಲಿವೆ) ಎಂಬ ಸಿಗ್ನಲಿಂಗ್ ನ್ಯಾನ್ ಓದಿದರೆ ರಿಜಿಸ್ಟರ್‌ನಲ್ಲಿ 7ಎಫ್‌ಎಫ್0000020000000 ಇರಬೇಕು. ಅದು ಸಿಗ್ನಲಿಂಗ್ ಆಗಿಯೇ ಉಳಿಯಬೇಕು. ನೀವು ಸಿ ಭಾಷೆಯಲ್ಲಿ ಫ್ಲೋಟನ್ನು ಡಬಲ್‌ಗೆ ಕಾಸ್ಟ್ ಮಾಡಿದರೆ ಎಕ್ಸ್86 ಅದನ್ನು ಕ್ವಯಟ್ ಮಾಡಿ 7ಎಫ್‌ಎಫ್8000020000000 ಕೊಡುತ್ತದೆ, ಜೊತೆಗೆ ಇನ್‌ವ್ಯಾಲಿಡ್ ಫ್ಲ್ಯಾಗನ್ನೂ (ಅಮಾನ್ಯ ಲೆಕ್ಕ ನಡೆಯಿತೆಂದು ಸೂಚಿಸುವ ಬಿಟ್) ಎತ್ತುತ್ತದೆ. ಗೆಸ್ಟ್ ಪ್ರೋಗ್ರಾಂ ಆ ಪದವನ್ನು ಬರೀ ನಕಲು ಮಾಡಲು ಓದಿದ್ದರೆ, ಅದರ ಡೇಟಾ ಸದ್ದಿಲ್ಲದೆ ಕೆಟ್ಟಂತೆ. ಇಂಥ ಕಡೆ ಹಿಗ್ಗಿಸುವ ಕೆಲಸವನ್ನು ಶಿಫ್ಟ್ ಮತ್ತು ಆರ್ ಬಳಸಿ ಕೈಯಾರೆ ಮಾಡಬೇಕು.

ಹೋಸ್ಟ್ 32 ಬಿಟ್ ಎಕ್ಸ್86 ಆಗಿದ್ದರೆ ಇನ್ನೂ ಹುಷಾರಾಗಿರಿ. ಅಲ್ಲಿ ಫ್ಲೋಟ್ ಹಿಂತಿರುಗಿಸುವ ಫಂಕ್ಷನ್ ಎಕ್ಸ್87 (ಎಕ್ಸ್86ರ ಹಳೆಯ ಫ್ಲೋಟಿಂಗ್ ಪಾಯಿಂಟ್ ಘಟಕ) ಸ್ಟ್ಯಾಕ್ ಮೂಲಕ ಹಾದುಬರುತ್ತದೆ. ಆ ಲೋಡ್ ಒಂದೇ ಸಾಕು, ಸಿಗ್ನಲಿಂಗ್ ನ್ಯಾನ್ ಕ್ವಯಟ್ ಆಗಿಬಿಡುತ್ತದೆ. ಇಂಥ ಹೋಸ್ಟ್‌ನಲ್ಲಿ ಸಹಾಯಕ ಫಂಕ್ಷನ್‌ಗಳೆಲ್ಲ ಪೂರ್ಣಾಂಕ ತೆಗೆದುಕೊಂಡು ಪೂರ್ಣಾಂಕವನ್ನೇ ಹಿಂತಿರುಗಿಸಲಿ.

## 2. ಕಂಪೈಲರ್‌ನ ಕೈ ಕಟ್ಟಿ

ಫಾಸ್ಟ್-ಮ್ಯಾತ್ ಆಪ್ಷನ್ ಎಲ್ಲಿಯೂ ಇರಕೂಡದು. ಅದು ಆನ್ ಇದ್ದರೆ ನ್ಯಾನ್ ಎಂಬುದೇ ಇಲ್ಲವೆಂದು ಕಂಪೈಲರ್ ನಂಬುತ್ತದೆ. ಒಂದು ಬೆಲೆ ತನಗೆ ತಾನೇ ಸಮವಲ್ಲವೇ ಎಂದು ನೋಡುವ ನಿಮ್ಮ ಪರೀಕ್ಷೆಯನ್ನು ಸುಳ್ಳು ಎಂದು ತೀರ್ಮಾನಿಸಿ ಅಳಿಸಿಹಾಕುತ್ತದೆ. ಜಿಸಿಸಿ ಕಂಪೈಲರ್‌ನಲ್ಲಿ ಸಿಗ್ನಲಿಂಗ್-ನ್ಯಾನ್ಸ್ ಮತ್ತು ರೌಂಡಿಂಗ್-ಮ್ಯಾತ್ ಆಪ್ಷನ್‌ಗಳನ್ನು ಕೊಡಿ. ಗುಣಾಕಾರ ಮತ್ತು ಸಂಕಲನವನ್ನು ತಾನಾಗಿ ಒಂದುಗೂಡಿಸದಂತೆ ಎಫ್‌ಪಿ-ಕಾಂಟ್ರಾಕ್ಟ್ ಆಫ್ ಮಾಡಿ.

ಇಷ್ಟು ಮಾಡಿದ ಮೇಲೂ ಎ ಕೂಡು ಬಿ ಎಂದು ಬರೆದದ್ದನ್ನು ಕಂಪೈಲರ್ ಬಿ ಕೂಡು ಎ ಎಂದು ತಿರುಗಿಸಬಹುದು. ಸಾಮಾನ್ಯ ಸಂಖ್ಯೆಗಳಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಎರಡೂ ನ್ಯಾನ್ ಆಗಿದ್ದಾಗ ಮಾತ್ರ ಎಕ್ಸ್86 ಮೊದಲ ಆಪರೆಂಡನ್ನು (ಲೆಕ್ಕಕ್ಕೆ ಕೊಟ್ಟ ಮೊದಲ ಬೆಲೆಯನ್ನು) ಉಳಿಸುವುದರಿಂದ ಉತ್ತರ ಬದಲಾಗುತ್ತದೆ. ಡೀಬಗ್ ಬಿಲ್ಡ್‌ನಲ್ಲಿ ಪಾಸ್, ರಿಲೀಸ್ ಬಿಲ್ಡ್‌ನಲ್ಲಿ ಫೇಲ್ ಎಂಬ ದೂರಿನ ಮೂಲ ಅನೇಕ ಬಾರಿ ಇದೇ. ಇದಕ್ಕೆ ಕಂಪೈಲರ್ ಆಪ್ಷನ್‌ನಲ್ಲಿ ಮದ್ದಿಲ್ಲ; ನ್ಯಾನ್ ಇರುವ ದಾರಿಯನ್ನು ನಾವೇ ಬೇರೆ ಮಾಡಬೇಕು. ಅದು ಮುಂದಿನ ಹಂತಗಳ ಕೆಲಸ.

## 3. ಗುರುತಿಸುವ ಫಂಕ್ಷನ್‌ಗಳನ್ನು ಬಿಟ್‌ಗಳ ಮೇಲೆ ಬರೆಯಿರಿ

32 ಬಿಟ್‌ಗೆ: ಸೈನ್ ಬಿಟ್ ತೆಗೆದು ಉಳಿದದ್ದು 7ಎಫ್800000ಕ್ಕಿಂತ ದೊಡ್ಡದಿದ್ದರೆ ಅದು ನ್ಯಾನ್. 64 ಬಿಟ್‌ಗೆ ಹೋಲಿಸಬೇಕಾದ ಬೆಲೆ 7ಎಫ್‌ಎಫ್0000000000000. ನ್ಯಾನ್ ಎಂದು ಗೊತ್ತಾದ ಮೇಲೆ ಫ್ರ್ಯಾಕ್ಷನ್‌ನ (ಸೈನ್ ಮತ್ತು ಎಕ್ಸ್‌ಪೊನೆಂಟ್ ಬಿಟ್ಟು ಉಳಿದ ಭಾಗದ) ಮೇಲ್ತುದಿಯ ಬಿಟ್ ನೋಡಿ, ಅಂದರೆ 32 ಬಿಟ್‌ನಲ್ಲಿ 00400000. ಅದು 1 ಇದ್ದರೆ ಕ್ವಯಟ್, 0 ಇದ್ದರೆ ಸಿಗ್ನಲಿಂಗ್.

ಈ ಕೊನೆಯ ಸಾಲು ಎಲ್ಲ ಪ್ರೊಸೆಸರ್‌ಗಳಿಗೂ ನಿಜವಲ್ಲ. ಹಳೆಯ ಮಿಪ್ಸ್ ಮತ್ತು ಪಿಎ-ರಿಸ್ಕ್‌ನಲ್ಲಿ ಇದು ತಿರುಗುಮುರುಗು: 1 ಇದ್ದರೆ ಸಿಗ್ನಲಿಂಗ್. 2008ರ ಪರಿಷ್ಕೃತ ಮಾನದಂಡ ಬಂದ ಮೇಲೆ ಮಿಪ್ಸ್ ತನ್ನ ಕಂಟ್ರೋಲ್ ರಿಜಿಸ್ಟರ್‌ನಲ್ಲಿ ನ್ಯಾನ್2008 ಎಂಬ ಬಿಟ್ ಇಟ್ಟು ಎರಡೂ ಪದ್ಧತಿಗೆ ಜಾಗ ಮಾಡಿತು. ಹಳೆಯ ಪದ್ಧತಿಯಲ್ಲಿ ಸಿಗ್ನಲಿಂಗ್ ನ್ಯಾನನ್ನು ಕ್ವಯಟ್ ಮಾಡಲು ಆ ಬಿಟ್ಟನ್ನು ಬರೀ ಅಳಿಸಲು ಹೋಗಬೇಡಿ. 7ಎಫ್‌ಸಿ00000ದಲ್ಲಿ ಅದನ್ನು ಅಳಿಸಿದರೆ ಉಳಿಯುವುದು 7ಎಫ್800000, ಅಂದರೆ ಇನ್ಫಿನಿಟಿ! ಅಲ್ಲಿ ಡಿಫಾಲ್ಟ್ ನ್ಯಾನನ್ನೇ (ಪ್ರೊಸೆಸರ್ ತಾನಾಗಿ ಕೊಡುವ ನಿಗದಿತ ನ್ಯಾನ್) ಕೊಡಬೇಕು.

ನ್ಯಾನ್ ಎಂಬುದೇ ಇಲ್ಲದ ಗೆಸ್ಟ್‌ಗಳೂ ಇವೆ. ಪ್ಲೇಸ್ಟೇಷನ್ 2ರ ಎಮೋಷನ್ ಎಂಜಿನ್‌ನ ಎಫ್‌ಪಿಯು ಎಕ್ಸ್‌ಪೊನೆಂಟ್ ಪೂರ್ತಿ 1 ಇರುವ ಬೆಲೆಯನ್ನೂ ಸಾಮಾನ್ಯ ದೊಡ್ಡ ಸಂಖ್ಯೆಯೆಂದೇ ಎಣಿಸುತ್ತದೆ. ಅಂಥದ್ದಕ್ಕೆ ಈ ಮಾರ್ಗದರ್ಶಿ ಸಾಲದು, ಅದರ ದಾರಿಯೇ ಬೇರೆ.

## 4. ಗೆಸ್ಟ್‌ನ ನಿಯಮಗಳನ್ನು ಕಾಗದದ ಮೇಲೆ ಇಳಿಸಿ

ಕೋಡ್ ಮುಟ್ಟುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಆಪರೆಂಡ್‌ಗಳಲ್ಲಿ ನ್ಯಾನ್ ಇಲ್ಲದೆ ಉತ್ತರ ನ್ಯಾನ್ ಆದಾಗ, ಅಂದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ, ಯಾವ ಬಿಟ್‌ಗಳು ಬರಬೇಕು? ಆಪರೆಂಡ್‌ಗಳಲ್ಲೇ ನ್ಯಾನ್ ಇದ್ದಾಗ ಯಾವುದು ಉಳಿಯಬೇಕು?

ಮೊದಲ ಪ್ರಶ್ನೆಗೆ ರಿಸ್ಕ್-ಫೈವ್ ಮತ್ತು ಆರ್ಮ್ ಕೊಡುವ ಉತ್ತರ 7ಎಫ್‌ಸಿ00000. ಎಕ್ಸ್86 ಕೊಡುವುದು ಎಫ್‌ಎಫ್‌ಸಿ00000: ಸೈನ್ ಬಿಟ್ 1. ಹಳೆಯ ಮಿಪ್ಸ್‌ನಲ್ಲಿ 7ಎಫ್‌ಬಿಎಫ್‌ಎಫ್‌ಎಫ್‌ಎಫ್‌ಎಫ್. ಎಕ್ಸ್86 ಹೋಸ್ಟ್ ಕೊಟ್ಟ ಉತ್ತರವನ್ನು ಹಾಗೇ ಗೆಸ್ಟ್‌ಗೆ ದಾಟಿಸಿದರೆ ಸೈನ್ ಬಿಟ್ ತಪ್ಪುತ್ತದೆ, ಗೆಸ್ಟ್‌ನ ಪ್ರಿಂಟ್‌ಎಫ್ 'ನ್ಯಾನ್' ಬದಲು ಮುಂದೆ ಮೈನಸ್ ಹಚ್ಚಿ ಅಚ್ಚು ಮಾಡುತ್ತದೆ. ಈ ಮೈನಸ್ ಕಂಡರೆ ಹೋಸ್ಟ್‌ನ ನ್ಯಾನ್ ಸೋರಿ ಒಳಗೆ ಬಂದಿದೆ ಎಂದು ತಿಳಿಯಿರಿ.

ಎರಡನೆಯ ಪ್ರಶ್ನೆಯನ್ನು ಒಂದು ಲೆಕ್ಕ ಹಾಕಿಯೇ ನೋಡೋಣ. ಮೊದಲ ಆಪರೆಂಡ್ 7ಎಫ್‌ಸಿ00001, ಇದು ಕ್ವಯಟ್. ಎರಡನೆಯದು 7ಎಫ್800002, ಇದು ಸಿಗ್ನಲಿಂಗ್. ಎರಡನ್ನೂ ಕೂಡಿ.

ರಿಸ್ಕ್-ಫೈವ್ ಎರಡನ್ನೂ ಬದಿಗಿಟ್ಟು ತನ್ನ 7ಎಫ್‌ಸಿ00000 ಕೊಡುತ್ತದೆ. ಆರ್ಮ್ ಮೊದಲು ಸಿಗ್ನಲಿಂಗ್ ಯಾವುದೆಂದು ಹುಡುಕಿ, ಅದನ್ನು ಕ್ವಯಟ್ ಮಾಡಿ, 7ಎಫ್‌ಸಿ00002 ಕೊಡುತ್ತದೆ. ಎಕ್ಸ್86ನ ಎಸ್‌ಎಸ್‌ಇ (ಎಕ್ಸ್87ರ ನಂತರ ಬಂದ ಇನ್‌ಸ್ಟ್ರಕ್ಷನ್ ಗುಂಪು) ಸಿಗ್ನಲಿಂಗ್ ಯಾವುದೆಂದು ನೋಡುವುದೇ ಇಲ್ಲ. ಮೊದಲ ಆಪರೆಂಡ್ ನ್ಯಾನ್ ಆಗಿದೆ, ಹಾಗಾಗಿ 7ಎಫ್‌ಸಿ00001. ಪವರ್‌ಪಿಸಿಯೂ ಮೊದಲನೆಯದನ್ನೇ ಹಿಡಿಯುತ್ತದೆ. ಎಕ್ಸ್87ರ ಉತ್ತರವೂ ಇಲ್ಲಿ ಅದೇ, ಆದರೆ ಕಾರಣ ಬೇರೆ: ಒಂದು ಕ್ವಯಟ್ ಒಂದು ಸಿಗ್ನಲಿಂಗ್ ಇದ್ದರೆ ಅದು ಕ್ವಯಟ್ ಆಗಿರುವುದನ್ನು ಆರಿಸುತ್ತದೆ, ಎರಡೂ ಒಂದೇ ಬಗೆಯವಾದರೆ ಸಿಗ್ನಿಫಿಕ್ಯಾಂಡ್ ದೊಡ್ಡದಿರುವುದನ್ನು.

ಆರ್ಮ್ ಗೆಸ್ಟ್ ಆದರೆ ಎಫ್‌ಪಿಸಿಆರ್ ರಿಜಿಸ್ಟರ್‌ನ 25ನೇ ಬಿಟ್, ಡಿಎನ್, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು 1 ಇದ್ದಾಗ ಆರ್ಮ್ ಕೂಡ ರಿಸ್ಕ್-ಫೈವ್‌ನಂತೆ ಯಾವಾಗಲೂ ಡಿಫಾಲ್ಟ್ ನ್ಯಾನ್ ಕೊಡುತ್ತದೆ. ಗೆಸ್ಟ್ ಪ್ರೋಗ್ರಾಂ ಓಡುತ್ತಿರುವಾಗಲೇ ಈ ಬಿಟ್ ಬದಲಿಸಬಹುದು, ಆದ್ದರಿಂದ ನಿಯಮವನ್ನು ಕಂಪೈಲ್ ಹೊತ್ತಿಗೇ ಗಟ್ಟಿ ಮಾಡಬೇಡಿ.

ಈ ನಿಯಮಗಳೆಲ್ಲ ಒಂದೇ ಫಂಕ್ಷನ್‌ನಲ್ಲಿರಲಿ: ಎರಡು ಆಪರೆಂಡ್ ಕೊಟ್ಟರೆ ಉಳಿಯಬೇಕಾದ ನ್ಯಾನನ್ನು ಅದು ಹೇಳಬೇಕು. ಪ್ರತಿ ಇನ್‌ಸ್ಟ್ರಕ್ಷನ್‌ನಲ್ಲೂ ಬೇರೆ ಬೇರೆ ಇಫ್ ಬರೆದರೆ ಆರು ತಿಂಗಳ ಮೇಲೆ ಯಾವುದು ಸರಿ ಎಂದು ನಿಮಗೇ ಹೇಳಲಾಗದು.

ಸಾಫ್ಟ್‌ಫ್ಲೋಟ್ ಬಳಸುವವರಿಗೆ ಒಂದು ಮಾತು. ಅದರ ಮೂಲ ಪ್ಯಾಕೇಜಿನಲ್ಲಿ 8086, 8086-ಎಸ್‌ಎಸ್‌ಇ, ಆರ್ಮ್-ವಿಎಫ್‌ಪಿವಿ2, ಮತ್ತು ಕೊನೆಯದರ ಡಿಫಾಲ್ಟ್‌ನ್ಯಾನ್ ರೂಪ ಎಂಬ ಫೋಲ್ಡರ್‌ಗಳಿವೆ. ರಿಸ್ಕ್-ಫೈವ್‌ಗೆ ಹತ್ತಿರವಾದದ್ದು ಆರ್ಮ್‌ನ ಡಿಫಾಲ್ಟ್‌ನ್ಯಾನ್ ರೂಪ. ಹಾಗೆಂದು ನಕಲು ಮಾಡಿ ಸುಮ್ಮನಾಗಬೇಡಿ: ನ್ಯಾನನ್ನು ಪೂರ್ಣಾಂಕ ಮಾಡಿದಾಗ ಬರುವ ಬೆಲೆ, ಅಂಡರ್‌ಫ್ಲೋ ಪತ್ತೆ ರೌಂಡಿಂಗ್‌ಗೆ ಮೊದಲೋ ನಂತರವೋ ಎಂಬುದು, ಈ ಎರಡನ್ನೂ ಬದಲಿಸಲೇಬೇಕು. ಆರ್ಮ್‌ನಲ್ಲಿ ಅದು ಮೊದಲು, ರಿಸ್ಕ್-ಫೈವ್‌ನಲ್ಲಿ ನಂತರ.

## 5. ನ್ಯಾನ್-ಬಾಕ್ಸಿಂಗ್ ಮರೆಯಬೇಡಿ

ರಿಸ್ಕ್-ಫೈವ್‌ನಲ್ಲಿ ಡಿ ಎಕ್ಸ್‌ಟೆನ್ಶನ್ ಇದ್ದರೆ ರಿಜಿಸ್ಟರ್ 64 ಬಿಟ್ ಅಗಲ. ಅದರಲ್ಲಿ 32 ಬಿಟ್ ಬೆಲೆ ಇಡುವಾಗ ಮೇಲಿನ 32 ಬಿಟ್‌ಗಳೂ 1 ಆಗಿರಬೇಕು; ಇದೇ ನ್ಯಾನ್-ಬಾಕ್ಸಿಂಗ್. 32 ಬಿಟ್ ಲೆಕ್ಕದ ಇನ್‌ಸ್ಟ್ರಕ್ಷನ್ ಆಪರೆಂಡ್ ಓದುವಾಗ ಮೇಲಿನ ಬಿಟ್‌ಗಳು ಹಾಗಿಲ್ಲದಿದ್ದರೆ, ಕೆಳಗಿನ ಬಿಟ್‌ಗಳಲ್ಲಿ ಏನೇ ಇರಲಿ, ಆ ಆಪರೆಂಡನ್ನು 7ಎಫ್‌ಸಿ00000 ಎಂದೇ ಎಣಿಸಬೇಕು.

ಓದಲು ಒಂದು, ಬರೆಯಲು ಒಂದು ಸಹಾಯಕ ಫಂಕ್ಷನ್ ಮಾಡಿ, 32 ಬಿಟ್ ಲೆಕ್ಕದ ಇನ್‌ಸ್ಟ್ರಕ್ಷನ್‌ಗಳೆಲ್ಲ ಅವುಗಳ ಮೂಲಕವೇ ಹೋಗಲಿ. ಎಡವುವುದು ಅಪವಾದಗಳಲ್ಲಿ. ಮೆಮೊರಿಗೆ ಬರೆಯುವ ಎಫ್‌ಎಸ್‌ಡಬ್ಲ್ಯೂ ಮತ್ತು ಪೂರ್ಣಾಂಕ ರಿಜಿಸ್ಟರ್‌ಗೆ ಒಯ್ಯುವ ಎಫ್‌ಎಂವಿ.ಎಕ್ಸ್.ಡಬ್ಲ್ಯೂ ಬಾಕ್ಸ್ ಪರೀಕ್ಷಿಸುವುದಿಲ್ಲ. ಕೆಳಗಿನ 32 ಬಿಟ್‌ಗಳನ್ನು ಇದ್ದಂತೆ ಕೊಡುತ್ತವೆ. ಸೈನ್ ಬದಲಿಸುವ ಎಫ್‌ಎಸ್‌ಜಿಎನ್‌ಜೆ.ಎಸ್ ಮಾತ್ರ ಪರೀಕ್ಷಿಸುತ್ತದೆ. ಅದೂ ಬರೀ ನಕಲು ತಾನೇ ಎಂದುಕೊಂಡು ಪರೀಕ್ಷೆ ಬಿಟ್ಟುಬಿಡುವವರು ಬಹಳ.

## 6. ಪ್ರತಿ ಇನ್‌ಸ್ಟ್ರಕ್ಷನ್ ಗುಂಪಿಗೂ ಅದರದೇ ನಿಯಮ

ಸೈನ್ ಬದಲಿಸುವವು. ಎಫ್‌ಎಸ್‌ಜಿಎನ್‌ಜೆ ಗುಂಪು ಲೆಕ್ಕವಲ್ಲ, ಬಿಟ್ ಕೆಲಸ. ಪೇಲೋಡ್ (ನ್ಯಾನ್‌ನ ಫ್ರ್ಯಾಕ್ಷನ್‌ನಲ್ಲಿ ತುದಿಯ ಬಿಟ್ ಬಿಟ್ಟು ಉಳಿದವು) ಉಳಿಯಬೇಕು, ಫ್ಲ್ಯಾಗ್ ಏಳಬಾರದು. ಸಿ ಭಾಷೆಯ ಮೈನಸ್ ಚಿಹ್ನೆ ಬಳಸದೆ ಎಕ್ಸಾರ್ ಮಾಡಿ.

ಕನಿಷ್ಠ, ಗರಿಷ್ಠ. ರಿಸ್ಕ್-ಫೈವ್‌ನ ಎಫ್‌ಮಿನ್ ಒಂದು ಆಪರೆಂಡ್ ನ್ಯಾನ್ ಆದರೆ ಇನ್ನೊಂದನ್ನು ಕೊಡುತ್ತದೆ, ಎರಡೂ ನ್ಯಾನ್ ಆದರೆ 7ಎಫ್‌ಸಿ00000. ಸಿಗ್ನಲಿಂಗ್ ಇದ್ದರೆ ಉತ್ತರ ಒಳ್ಳೆಯ ಸಂಖ್ಯೆಯೇ ಆಗಿದ್ದರೂ ಇನ್‌ವ್ಯಾಲಿಡ್ ಫ್ಲ್ಯಾಗ್ ಏಳಬೇಕು. ಮೈನಸ್ ಸೊನ್ನೆ ಪ್ಲಸ್ ಸೊನ್ನೆಗಿಂತ ಚಿಕ್ಕದು. ಎಕ್ಸ್86ನ ಮಿನ್‌ಎಸ್‌ಎಸ್ ಇದ್ಯಾವುದನ್ನೂ ಮಾಡುವುದಿಲ್ಲ: ಯಾವುದೇ ಒಂದು ನ್ಯಾನ್ ಆದರೂ, ಎರಡೂ ಸೊನ್ನೆಯಾದರೂ, ಕಣ್ಣುಮುಚ್ಚಿ ಎರಡನೆಯ ಆಪರೆಂಡ್ ಕೊಡುತ್ತದೆ. ಸಿ ಲೈಬ್ರರಿಯ ಎಫ್‌ಮಿನ್ ಮೇಲೂ ಭರವಸೆ ಇಡಬೇಡಿ. ಈ ಎರಡು ಇನ್‌ಸ್ಟ್ರಕ್ಷನ್‌ಗಳನ್ನು ಪೂರ್ತಿ ಕೈಯಾರೆ ಬರೆಯುವುದೇ ಸರಿ. ಆರ್ಮ್‌ನಲ್ಲಿ ಎಫ್‌ಮಿನ್ ಮತ್ತು ಎಫ್‌ಮಿನ್‌ಎನ್‌ಎಂ ಎಂದು ಎರಡಿವೆ: ಮೊದಲನೆಯದು ನ್ಯಾನ್ ಕೊಡುತ್ತದೆ, ಎರಡನೆಯದು ಕ್ವಯಟ್ ನ್ಯಾನ್ ಎದುರಾದರೆ ಸಂಖ್ಯೆ ಕೊಡುತ್ತದೆ.

ಹೋಲಿಕೆ. ಎಫ್‌ಇಕ್ಯೂ ಸಿಗ್ನಲಿಂಗ್ ನ್ಯಾನ್‌ಗೆ ಮಾತ್ರ ಇನ್‌ವ್ಯಾಲಿಡ್ ಎತ್ತುತ್ತದೆ. ಎಫ್‌ಎಲ್‌ಟಿ, ಎಫ್‌ಎಲ್‌ಇ ಯಾವ ನ್ಯಾನ್‌ಗಾದರೂ ಎತ್ತುತ್ತವೆ. ಮೂರರ ಉತ್ತರವೂ ಸೊನ್ನೆ. 'ಚಿಕ್ಕದು' ಎಂಬುದನ್ನು 'ದೊಡ್ಡದಲ್ಲ, ಸಮವೂ ಅಲ್ಲ' ಎಂದು ಬರೆದರೆ ನ್ಯಾನ್ ಬಂದಾಗ ಉತ್ತರ 1 ಆಗಿಬಿಡುತ್ತದೆ.

ಪೂರ್ಣಾಂಕಕ್ಕೆ ಪರಿವರ್ತನೆ. ಸಿ ಭಾಷೆಯಲ್ಲಿ ನ್ಯಾನನ್ನು ಇಂಟ್‌ಗೆ ಕಾಸ್ಟ್ ಮಾಡಿದರೆ ಏನು ಬರುತ್ತದೆಂದು ಭಾಷೆ ಹೇಳುವುದೇ ಇಲ್ಲ. ಎಕ್ಸ್86 80000000 ಕೊಡುತ್ತದೆ, ಅಂದರೆ ಅತಿ ಚಿಕ್ಕ ಋಣ ಸಂಖ್ಯೆ. ರಿಸ್ಕ್-ಫೈವ್‌ನಲ್ಲಿ ಬರಬೇಕಾದ್ದು ಅದರ ಎದುರು ತುದಿ: ಅತಿ ದೊಡ್ಡ ಧನ ಸಂಖ್ಯೆ 2147483647. ಆರ್ಮ್‌ನಲ್ಲಿ 0. ಸೈನ್ ಇಲ್ಲದ 32 ಬಿಟ್‌ಗೆ ಪರಿವರ್ತಿಸಿದಾಗ ರಿಸ್ಕ್-ಫೈವ್‌ನ ಉತ್ತರ 4294967295. 64 ಬಿಟ್ ಗೆಸ್ಟ್‌ನಲ್ಲಿ ಅದು ಸೈನ್ ಎಕ್ಸ್‌ಟೆಂಡ್ ಆಗಿ ರಿಜಿಸ್ಟರ್‌ನ ಎಲ್ಲ ಬಿಟ್‌ಗಳೂ 1 ಆಗಬೇಕು. ಮೇಲಿನ ಅರ್ಧವನ್ನು ಸೊನ್ನೆ ಬಿಡುವುದು ತುಂಬ ಸಾಮಾನ್ಯ ತಪ್ಪು.

ಅಗಲ ಬದಲಿಸುವ ಪರಿವರ್ತನೆ. 64ರಿಂದ 32ಕ್ಕೆ, 32ರಿಂದ 64ಕ್ಕೆ ಹೋಗುವಾಗ ಎಕ್ಸ್86 ಪೇಲೋಡ್ ಹೊತ್ತೊಯ್ಯುತ್ತದೆ. ರಿಸ್ಕ್-ಫೈವ್ ಒಯ್ಯುವುದಿಲ್ಲ.

ಗುಣಿಸಿ ಕೂಡುವುದು. ಇನ್ಫಿನಿಟಿಯನ್ನು ಸೊನ್ನೆಯಿಂದ ಗುಣಿಸಿ, ಅದಕ್ಕೆ ಕ್ವಯಟ್ ನ್ಯಾನ್ ಕೂಡಿದರೆ ಇನ್‌ವ್ಯಾಲಿಡ್ ಏಳಬೇಕೇ? ಮಾನದಂಡ ಇದನ್ನು ಪ್ರೊಸೆಸರ್‌ಗೆ ಬಿಟ್ಟಿದೆ. ರಿಸ್ಕ್-ಫೈವ್ ಏಳಲೇಬೇಕು ಎನ್ನುತ್ತದೆ. ಹೋಸ್ಟ್‌ನ ಎಫ್‌ಎಂಎ (ಗುಣಿಸಿ ಕೂಡುವ ಇನ್‌ಸ್ಟ್ರಕ್ಷನ್) ಬಳಸುವುದಾದರೆ ಈ ಒಂದು ಸಂದರ್ಭವನ್ನು ಮೊದಲೇ ಪ್ರತ್ಯೇಕವಾಗಿ ಹಿಡಿಯಿರಿ. ಪವರ್‌ಪಿಸಿಯಲ್ಲಿ ಮೂರರಲ್ಲೂ ನ್ಯಾನ್ ಇದ್ದರೆ ನೋಡುವ ಕ್ರಮ ಎ, ಬಿ, ಆಮೇಲೆ ಸಿ. ಇಲ್ಲಿ ಬಿ ಎಂದರೆ ಕೂಡಬೇಕಾದದ್ದು, ಗುಣಕವಲ್ಲ.

## 7. ಫ್ಲ್ಯಾಗ್‌ಗಳ ಬಿಟ್ ಜಾಗ ತಾಳೆ ನೋಡಿ

ರಿಸ್ಕ್-ಫೈವ್‌ನಲ್ಲಿ ಇನ್‌ವ್ಯಾಲಿಡ್ 4ನೇ ಬಿಟ್, ಇನ್‌ಎಕ್ಸಾಕ್ಟ್ 0ನೇ ಬಿಟ್. ಎಕ್ಸ್86ನ ಎಂಎಕ್ಸ್‌ಸಿಎಸ್‌ಆರ್ ರಿಜಿಸ್ಟರ್‌ನಲ್ಲಿ ಇನ್‌ವ್ಯಾಲಿಡ್ 0ನೇ ಬಿಟ್, ಇನ್‌ಎಕ್ಸಾಕ್ಟ್ 5ನೇ ಬಿಟ್, ನಡುವೆ ಡೀನಾರ್ಮಲ್ ಎಂಬ ಹೆಚ್ಚಿನದೊಂದು ಬೇರೆ. ನೇರ ನಕಲು ಮಾಡಿದರೆ ಇನ್‌ವ್ಯಾಲಿಡ್ ಹೋಗಿ ಇನ್‌ಎಕ್ಸಾಕ್ಟ್ ಆಗಿ ಕೂರುತ್ತದೆ. ಒಂದೊಂದು ಬಿಟ್ಟನ್ನೂ ಹೆಸರು ಹಿಡಿದು ದಾಟಿಸಿ.

ಹೋಸ್ಟ್‌ನ ಫ್ಲ್ಯಾಗ್ ಓದುವ ಕರೆ ಮತ್ತು ಲೆಕ್ಕದ ಸಾಲು, ಇವುಗಳ ಕ್ರಮವನ್ನು ಕಂಪೈಲರ್ ಅದಲುಬದಲು ಮಾಡಬಹುದು. ಅದನ್ನು ತಡೆಯಲೆಂದೇ ಸಿ ಮಾನದಂಡದಲ್ಲಿರುವ ಪ್ರಾಗ್ಮಾವನ್ನು ಜಿಸಿಸಿ ಪಾಲಿಸುವುದಿಲ್ಲ. ಇಂಟರ್‌ಪ್ರಿಟರ್ ಮಾದರಿಯ ಎಮ್ಯುಲೇಟರ್ ಆದರೆ ನನ್ನ ಸಲಹೆ ಸ್ಪಷ್ಟ: ಫ್ಲ್ಯಾಗ್‌ಗಳಿಗಾಗಿ ಸಾಫ್ಟ್‌ಫ್ಲೋಟ್ ಬಳಸಿ. ಸರಿಯಾದ ಉತ್ತರ ಬಂದ ಮೇಲೆ ವೇಗದ ಯೋಚನೆ ಮಾಡಿ.

## 8. ವೇಗದ ದಾರಿ ಕೊನೆಗೆ

ಜಿಟ್ (ಗೆಸ್ಟ್ ಕೋಡನ್ನು ಓಡುವಾಗಲೇ ಹೋಸ್ಟ್ ಕೋಡ್‌ಗೆ ಬದಲಿಸುವ ಎಮ್ಯುಲೇಟರ್) ಬರೆಯುವವರು ಹೋಸ್ಟ್‌ನ ಕೂಡುವ ಇನ್‌ಸ್ಟ್ರಕ್ಷನ್ ಆಡ್‌ಎಸ್‌ಎಸ್ ಬಳಸಿ, ನಂತರ ಫಲಿತಾಂಶವನ್ನು ಅದಕ್ಕೇ ಹೋಲಿಸಿ, ಪ್ಯಾರಿಟಿ ಫ್ಲ್ಯಾಗ್ ಎದ್ದರೆ ನಿಧಾನದ ದಾರಿಗೆ ಹಾರಬಹುದು. ಹೋಲಿಸಲು ಯುಕಾಮಿಸ್ಸ್ ಬಳಸಿ, ಕಾಮಿಸ್ಸ್ ಬೇಡ. ಎರಡನೆಯದು ಕ್ವಯಟ್ ನ್ಯಾನ್‌ಗೂ ಇನ್‌ವ್ಯಾಲಿಡ್ ಎತ್ತುತ್ತದೆ. ಗೆಸ್ಟ್ ಮಾಡದ ತಪ್ಪು ಗೆಸ್ಟ್‌ನ ತಲೆಗೆ ಬರುತ್ತದೆ.

ರಿಸ್ಕ್-ಫೈವ್ ಗೆಸ್ಟ್‌ಗೆ ನಿಧಾನದ ದಾರಿ ಬಹಳ ಸರಳ, 7ಎಫ್‌ಸಿ00000 ಬರೆದರೆ ಮುಗಿಯಿತು. ಆರ್ಮ್ ಗೆಸ್ಟ್ ಆದರೆ ಮೂಲ ಆಪರೆಂಡ್‌ಗಳು ಬೇಕು, ಆದರೆ ಆಡ್‌ಎಸ್‌ಎಸ್ ಅವುಗಳಲ್ಲೊಂದನ್ನು ಅಳಿಸಿ ಫಲಿತಾಂಶ ಬರೆದಿರುತ್ತದೆ. ಮೊದಲೇ ನಕಲು ಇಟ್ಟುಕೊಳ್ಳಿ, ಅಥವಾ ಮೂರು ಆಪರೆಂಡ್‌ಗಳ ಎವಿಎಕ್ಸ್ ರೂಪ ಬಳಸಿ. ರಿಜಿಸ್ಟರ್ ಉಳಿಸುವ ಆಸೆಗೆ ಆಪರೆಂಡ್‌ಗಳನ್ನು ಅದಲುಬದಲು ಮಾಡಿದರೆ ಎರಡನೆಯ ಹಂತದ ತೊಂದರೆಯನ್ನೇ ನೀವು ಕೈಯಾರೆ ತಂದುಕೊಂಡಂತೆ.

## 9. ಪರೀಕ್ಷೆ: ಹನ್ನೆರಡು ಬೆಲೆ, ಎಲ್ಲ ಜೋಡಿ

ಪ್ಲಸ್ ಸೊನ್ನೆ, ಮೈನಸ್ ಸೊನ್ನೆ, 1, -1, ಎರಡೂ ಇನ್ಫಿನಿಟಿ, ಅತಿ ಚಿಕ್ಕ ಸಬ್‌ನಾರ್ಮಲ್ (ಸೊನ್ನೆಗೆ ತೀರ ಹತ್ತಿರದ ಸಂಖ್ಯೆ), ಪೇಲೋಡ್ ಇರುವ ಕ್ವಯಟ್ ನ್ಯಾನ್ ಎರಡೂ ಸೈನ್‌ನಲ್ಲಿ, ಸಿಗ್ನಲಿಂಗ್ ನ್ಯಾನ್ ಎರಡೂ ಸೈನ್‌ನಲ್ಲಿ, ಕೊನೆಗೆ ಸೈನ್ ಬಿಟ್ ಬಿಟ್ಟು ಉಳಿದೆಲ್ಲ 1 ಇರುವ ನ್ಯಾನ್. ಒಟ್ಟು ಹನ್ನೆರಡು. ಎರಡು ಆಪರೆಂಡ್‌ಗೆ 144 ಜೋಡಿ, ಗುಣಿಸಿ ಕೂಡುವುದಕ್ಕೆ 1728. ಎಲ್ಲವೂ ಕ್ಷಣದಲ್ಲಿ ಮುಗಿಯುತ್ತವೆ, ಆದ್ದರಿಂದ ಯಾದೃಚ್ಛಿಕವಾಗಿ ಆರಿಸುವ ಅಗತ್ಯವೇ ಇಲ್ಲ.

ಫಲಿತಾಂಶವನ್ನು ಪೂರ್ಣಾಂಕವಾಗಿ ಹೋಲಿಸಿ, ಫ್ಲ್ಯಾಗ್‌ಗಳನ್ನೂ ಹೋಲಿಸಿ. ಟೆಸ್ಟ್‌ಫ್ಲೋಟ್ ಬಳಸುವುದಾದರೆ ಚೆಕ್‌ನ್ಯಾನ್ಸ್ ಆಪ್ಷನ್ ಕೊಡಿ; ಅದಿಲ್ಲದೆ ನ್ಯಾನ್‌ನ ಬಿಟ್‌ಗಳು ತಾಳೆಯಾಗುತ್ತವೆಯೇ ಎಂದು ಅದು ನೋಡುವುದಿಲ್ಲ.

## ಲಕ್ಷಣ ನೋಡಿ ಹಂತ ಹಿಡಿಯುವುದು

ಸೈನ್ ಬಿಟ್ ಒಂದೇ ತಪ್ಪಾಗಿದ್ದರೆ ನಾಲ್ಕನೆಯ ಹಂತಕ್ಕೆ ಹೋಗಿ, ಹೋಸ್ಟ್‌ನ ಡಿಫಾಲ್ಟ್ ಸೋರಿದೆ. ಫ್ರ್ಯಾಕ್ಷನ್‌ನ ತುದಿಯ ಬಿಟ್ ಒಂದೇ ತಪ್ಪಾಗಿದ್ದರೆ ಲೆಕ್ಕಕ್ಕೆ ಮೊದಲೇ ಎಲ್ಲೋ ಫ್ಲೋಟ್ ಟೈಪ್ ಮೂಲಕ ಹಾದಿದೆ, ಮೊದಲನೆಯ ಹಂತ. ಉತ್ತರದಲ್ಲಿ ಇನ್ನೊಂದು ಆಪರೆಂಡಿನ ಪೇಲೋಡ್ ಕಂಡರೆ ಆಯ್ಕೆಯ ಕ್ರಮ ತಪ್ಪಿದೆ ಅಥವಾ ಆಪರೆಂಡ್‌ಗಳು ಅದಲುಬದಲಾಗಿವೆ. ಬಿಟ್‌ಗಳೆಲ್ಲ ಸರಿಯಿದ್ದು ಫ್ಲ್ಯಾಗ್ ಮಾತ್ರ ಹೆಚ್ಚಾಗಿ ಎದ್ದಿದ್ದರೆ ಕಾಮಿಸ್ಸ್ ಎಲ್ಲಾದರೂ ಉಳಿದಿದೆಯೇ ನೋಡಿ. ಬಿಡಿ ಟೆಸ್ಟ್‌ಗಳು ಪಾಸಾಗಿ, ಥ್ರೆಡ್ ಬದಲಾದ ಮೇಲೆ ಗೆಸ್ಟ್ ಪ್ರೋಗ್ರಾಂನ ಲೆಕ್ಕ ಇದ್ದಕ್ಕಿದ್ದಂತೆ ನ್ಯಾನ್ ಆಗುತ್ತಿದ್ದರೆ, ರಿಜಿಸ್ಟರ್ ಉಳಿಸಿ ಮರಳಿ ತುಂಬುವ ಕೋಡ್‌ನಲ್ಲಿ ಮೇಲಿನ 32 ಬಿಟ್ ಕಳೆದುಹೋಗುತ್ತಿದೆ. ಐದನೆಯ ಹಂತವನ್ನು ಎಫ್‌ಎಲ್‌ಡಿ ಮತ್ತು ಎಫ್‌ಎಸ್‌ಡಿ ಇನ್‌ಸ್ಟ್ರಕ್ಷನ್‌ಗಳಿಂದ ಶುರುಮಾಡಿ ಮತ್ತೆ ಪರೀಕ್ಷಿಸಿ.